ನಾಲ್ಕನೆಯ ಕಲಮು ಮತ್ತು ಆಯಿಯ ತಿಪ್ಪೆ

ಊರಿನ ಕಸದ ಬಗ್ಗೆ ಕಾಯಿದೆ ಬರೆದಾಗ ನನಗೆ ಇಪ್ಪತ್ತೆರಡು ವರ್ಷ. ಆ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ನಾನು ಕಸದ ಬುಟ್ಟಿ ಹೊತ್ತು ತಿಪ್ಪೆಯ ತನಕ ಹೋದವಳಲ್ಲ. ಎರಡಕ್ಕೂ ಏನಾದರೂ ಸಂಬಂಧವಿರಬೇಕೆಂದು ಆಗ ಅನಿಸಿರಲಿಲ್ಲ.

ಧಾರವಾಡದಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದು ಎಂಟು ತಿಂಗಳಾಗಿತ್ತು. ನಮ್ಮದು ಜತ್ತ ತಾಲೂಕಿನ ಒಂದು ಸಣ್ಣ ಊರು. ಕಚೇರಿಯ ಕಾಗದಗಳು ಮರಾಠಿಯಲ್ಲಿ ಬರುತ್ತವೆ. ಅವನ್ನು ಓದಿ ಬೈಯುವುದು ಕನ್ನಡದಲ್ಲಿ. ತರ್ಕಶಾಸ್ತ್ರ ಓದಿಬಂದ ಹೆಣ್ಣುಮಗಳಿಂದ ಏನು ಕೆಲಸ ತೆಗೆಯಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಪಡಸಾಲೆಯ ಪಕ್ಕದ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತಿರುತ್ತಿದ್ದೆ. ಮಾತು ಕಡಿಮೆ. ಊರವರು ಅದನ್ನು ಸೊಕ್ಕು ಅನ್ನುತ್ತಿದ್ದರು, ನಾನು ಗಾಂಭೀರ್ಯ ಅಂದುಕೊಂಡಿದ್ದೆ. ಊರವರ ಮಾತೇ ಸತ್ಯಕ್ಕೆ ಹತ್ತಿರವಿತ್ತು.

ನಮ್ಮ ಕಾಕಾ ಊರಿನ ಮೊದಲ ಸರಪಂಚರು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ನಮ್ಮಲ್ಲೂ ಗ್ರಾಮಪಂಚಾಯಿತಿ ಆಯಿತು. ಕಾಕಾನಿಗೆ ಆ ಪದವಿ ಸಿಕ್ಕದ್ದು, ಅವರೇ ಹೇಳುವ ಹಾಗೆ, ಸಭೆಗೆ ತಡಮಾಡಿ ಹೋದದ್ದರಿಂದ. ಮೊದಲೇ ಹೋದವರೆಲ್ಲ ಒಲ್ಲೆ ಅಂದು ಕೂತಿದ್ದರು.

ಸುಗ್ಗಿ ಮುಗಿದು ಕಣಗಳು ಖಾಲಿಯಾದ ಮೇಲೆ ಒಂದು ಮಧ್ಯಾಹ್ನ ಕಾಕಾ ತಾಲೂಕಿನಿಂದ ಬಂದ ಕಾಗದ ಹಿಡಿದುಕೊಂಡು ಬಂದರು. ಊರೊಳಗೆ ತಿಪ್ಪೆಗಳಿರಬಾರದು, ಮನೆಗಳ ಕಸಕ್ಕೆ ಪಂಚಾಯಿತಿ ತಕ್ಕ ವ್ಯವಸ್ಥೆ ಮಾಡಬೇಕು, ಅದಕ್ಕೊಂದು ಠರಾವು, ಅಂದರೆ ಪಂಚಾಯಿತಿಯ ನಿರ್ಣಯ, ಮಾಡಿ ಕಳಿಸಬೇಕು ಎಂದು ಅದರ ಸಾರಾಂಶ.

"ನಿನಗ ಅಭ್ಯಾಸ ಭಾಳ ಆಗ್ಯದ. ಇದಕ್ಕೊಂದು ಠರಾವು ಬರದು ಕೊಡು ನೋಡೂನು," ಅಂದರು.

"ಯಾವುದರ ಮ್ಯಾಲರಿ ಕಾಕಾ?"

"ಕಸದ ಮ್ಯಾಲ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸದೆ ಅಂದಳು: "ಕಸಾ ಹೊಡಿಯಾಕ ಬರೂದಿಲ್ಲ ಅಕಿಗೆ. ಬರಿಯಾಕ ಹಚ್ಚೀರಿ?"

ಕಾಕಾ ನಕ್ಕರು. ನಾನು ನಗಲಿಲ್ಲ. ನಾಲ್ಕು ದಿನ ಬಾಗಿಲು ಹಾಕಿಕೊಂಡು ಬರೆದೆ. ಬರೆದು ಹರಿದು, ಮತ್ತೆ ಬರೆದೆ. ಒಂದೊಂದು ಮಾತನ್ನೂ ತೂಗಿ ಇಟ್ಟೆ. ಕಾಲೇಜಿನಲ್ಲಿ ಕಲಿತದ್ದು ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಆ ದಿನ ಬಂತೆಂದುಕೊಂಡೆ.

ನನ್ನ ಠರಾವಿನಲ್ಲಿ ನಾಲ್ಕು ಕಲಮುಗಳಿದ್ದವು. ಯುಗಾದಿಯೊಳಗೆ ಊರಿನ ತಿಪ್ಪೆಗಳೆಲ್ಲ ಊರಾಚೆಯ ಗುಂಡಿಗಳಿಗೆ ಹೋಗಬೇಕು, ಯಾರಿಗೆ ಯಾವ ಗುಂಡಿ ಎಂಬುದನ್ನು ಅವರವರ ಹೊಲದ ಖಾತೆಯ ಪ್ರಕಾರ ಹಂಚಬೇಕು ಎಂದು ಒಂದನೆಯದು. ಮಂಗಳವಾರ ಮತ್ತು ಶುಕ್ರವಾರ ಸಂಜೆ ಆರರಿಂದ ಏಳರವರೆಗೆ ಪಂಚಾಯಿತಿಯ ಗಾಡಿ ಓಣಿಓಣಿಗೆ ಬರುತ್ತದೆ, ಮನೆಯ ಕಸವನ್ನು ಅದರಲ್ಲೇ ಹಾಕಬೇಕು ಎಂದು ಎರಡನೆಯದು. ಯುಗಾದಿಯ ಮೇಲೂ ಊರೊಳಗೆ ಉಳಿದ ತಿಪ್ಪೆ ಪಂಚಾಯಿತಿಯ ಸೊತ್ತಾಗುತ್ತದೆ, ಅದನ್ನು ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಕೂಗಿ ಕೊಡಲಾಗುತ್ತದೆ ಎಂದು ಮೂರನೆಯದು. ನಾಲ್ಕನೆಯದು ನನಗೆ ಬಹಳ ಹೆಮ್ಮೆಯದು. ಇಪ್ಪತ್ತು ವರ್ಷಗಳಿಂದ ಒಂದೇ ಜಾಗದಲ್ಲಿರುವ ತಿಪ್ಪೆಗೆ ರಿಯಾಯಿತಿ. ಆದರೆ ಅದನ್ನು ಇಸವಿ ಇರುವ ಕಾಗದದಿಂದಲೂ, ಸ್ವತಃ ಬಲ್ಲವರ ಸಾಕ್ಷಿಯಿಂದಲೂ ಸಿದ್ಧಮಾಡಿ ತೋರಿಸಬೇಕು, ಕೇಳಿ ತಿಳಿದವರ ಮಾತು ನಡೆಯದು. ಆ ಇಪ್ಪತ್ತು ಎಂಬ ಅಂಕಿ ಎಲ್ಲಿಂದ ಬಂತೆಂದು ಕಾಕಾ ಕೇಳಲಿಲ್ಲ. ಕೇಳಿದ್ದರೆ, ಹದಿನೈದಕ್ಕಿಂತ ಅದು ದುಂಡಗೆ ಕಂಡಿತು ಎಂದು ಹೇಳಬೇಕಾಗುತ್ತಿತ್ತು.

ಚಾವಡಿಯಲ್ಲಿ ಅದನ್ನು ಓದಿದಾಗ ಯಾರೂ ಒಂದು ಮಾತೂ ಆಡಲಿಲ್ಲವಂತೆ. ತಲಾಠಿ, ಅಂದರೆ ಊರಿನ ಲೆಕ್ಕಪತ್ರ ಬರೆಯುವ ಸರಕಾರಿ ಮನುಷ್ಯ, ಅದನ್ನು ಮರಾಠಿಗೆ ಇಳಿಸಿಕೊಂಡು "ಭಾಷಾ ಫಾರ್ ಛಾನ್" ಅಂದನಂತೆ. ಭಾಷೆ ಬಹಳ ಚೆನ್ನಾಗಿದೆ ಎಂದು. ಉಳಿದವರ ಮೌನವನ್ನೂ ನಾನು ಅದೇ ಲೆಕ್ಕಕ್ಕೆ ಹಿಡಿದೆ.

ಮೊದಲ ಶುಕ್ರವಾರ ಸಂಜೆ ಗಾಡಿ ಬಂತು. ಡಂಗುರ ಸಾರುವವನೇ ಗಾಡಿ ಹೊಡೆಯುವವನು. ಎತ್ತಿನ ಕೊರಳಿಗೆ ಗಂಟೆ ಕಟ್ಟಿದ್ದ. ನಾನು ಕಿಟಕಿಯ ಸಂದಿನಿಂದ ನೋಡುತ್ತಿದ್ದೆ. ಗಾಡಿ ನಮ್ಮ ಓಣಿಯ ಆ ತುದಿಯಿಂದ ಈ ತುದಿಗೆ ಬಂತು. ಒಂದು ಬಾಗಿಲೂ ತೆರೆಯಲಿಲ್ಲ. ತೆರೆದಿದ್ದ ಬಾಗಿಲುಗಳನ್ನು ಕೂಡ ಗಂಟೆಯ ಸಪ್ಪಳ ಕೇಳಿ ಹಾಕಿಕೊಂಡರು.

"ಅವ್ವಾ, ಯಾಕ ಯಾರೂ ಕಸಾ ಹಾಕವಲ್ರು?" ಅಂದೆ.

ಅವ್ವ ದೀಪಕ್ಕೆ ಎಣ್ಣೆ ಬಿಡುತ್ತಿದ್ದಳು. "ದೀಪಾ ಹಚ್ಚೂ ಹೊತ್ತಿನಾಗ, ಶುಕ್ಕರವಾರ ದಿನ, ಮನಿ ಕಸಾ ಹೊರಗ ಹಾಕಿದ್ರ ಲಕ್ಷ್ಮಿ ನಿಂದ್ರತಾಳೇನ? ಯಾವ ಮೂಳ ಬರದಾನ ಅಂತ ಓಣ್ಯಾಗ ಎಲ್ಲಾರೂ ಬಯ್ಯಾಕತ್ಯಾರ." ಬತ್ತಿ ಸರಿಮಾಡಿ, "ಬರದಾನ ಅಂತ ಅಂತಾರ, ಬರದಾಳ ಅಂತ ಅನ್ನೂದಿಲ್ಲ. ಮರ್ಯಾದಿ ಇಟ್ಟಾರ," ಅಂದಳು.

ಮಂಗಳವಾರಕ್ಕೂ ಇದೇ ಕಟ್ಟು. ವಾರದ ಏಳು ದಿನಗಳಲ್ಲಿ ಆಗದ ಎರಡನ್ನೇ, ದಿನದ ಇಪ್ಪತ್ನಾಲ್ಕು ತಾಸುಗಳಲ್ಲಿ ಆಗದ ಒಂದನ್ನೇ ನಾನು ಹುಡುಕಿ ತೆಗೆದಿದ್ದೆ. ಹೆಂಗಸರು ಹೊಲದಿಂದ ಬಂದಿರುವ ಹೊತ್ತು ಅದು ಎಂದು ನನ್ನ ತರ್ಕ. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಕಸಬರಿಗೆ ಮುಟ್ಟುತ್ತಿರಲಿಲ್ಲ. ಅದನ್ನು ನಾನು ನೋಡಿರಲಿಲ್ಲವೆಂದಲ್ಲ. ನೋಡಿದ್ದು ಠರಾವಿಗೆ ಬರುವಂಥ ಸಂಗತಿ ಅಂದುಕೊಂಡಿರಲಿಲ್ಲ.

ಆದರೂ ಗಾಡಿ ಬರಿದೇ ಹೋಗಬಾರದೆಂದು ನಾನು ನನ್ನ ಕೋಣೆಯ ಬುಟ್ಟಿ ಎತ್ತಿಕೊಂಡು ಹೊರಗೆ ಬಂದೆ. ಅದರಲ್ಲಿದ್ದದ್ದು ಠರಾವಿನ ಹರಿದ ಕರಡುಗಳು ಮತ್ತು ಒಡೆದ ಮಸಿಯ ಕುಪ್ಪಿ. ಗಾಡಿಯವನು ಬಗ್ಗಿ ನೋಡಿದ.

"ಇಷ್ಟ ಏನ್ರಿ ಅಕ್ಕಾರ?"

"ಇಷ್ಟ."

"ಇಡೀ ಊರಾಗ ಕಸಾ ಅಂತ ಇದ್ದದ್ದು ಇದೊಂದ ನೋಡ್ರಿ," ಅಂದ ಅವನು, ಬಹಳ ಮರ್ಯಾದೆಯಿಂದ.

ನಿಜವೇ ಹೇಳಿದ್ದ. ಉಳಿದ ಮನೆಗಳಲ್ಲಿ ಕಸವೆಂಬುದೇ ಇರಲಿಲ್ಲ. ಸಿಪ್ಪೆ ಎಮ್ಮೆಗೆ, ಬೂದಿ ಪಾತ್ರೆಗೆ, ಚಿಂದಿ ಕೌದಿಗೆ. ಇದರ ಮೇಲೆ ಉಳಿದದ್ದು ಸಗಣಿಯ ಜೊತೆ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಮಣ್ಣಾಗದೆ ಉಳಿಯುವ ವಸ್ತುವನ್ನು ಊರಿಗೆ ತಂದವಳು ನಾನೇ.

ಇಷ್ಟರಲ್ಲೇ ನಿಂತಿದ್ದರೆ ಇದು ಬರೀ ನಗೆಯ ಸಂಗತಿ. ಮೂರನೆಯ ಮತ್ತು ನಾಲ್ಕನೆಯ ಕಲಮುಗಳ ಕಥೆ ಬೇರೆ. ಅದನ್ನು ಹೇಳಬೇಕಾದರೆ ನಮ್ಮ ಎದುರುಮನೆಯ ಆಯಿಯ ಬಗ್ಗೆ ಹೇಳಬೇಕು, ನನ್ನ ಎರಡನೆಯ ಹೆಸರಿನ ಬಗ್ಗೆಯೂ ಹೇಳಬೇಕು.

ಆಯಿ ನಮಗೆ ಸಂಬಂಧಿಯಲ್ಲ. ತಿಕೋಂಡಿಯ ತವರಿನವಳು. ಗಂಡ ಸತ್ತು, ಮಕ್ಕಳಿಲ್ಲದೆ, ಒಂದು ಮುದಿ ಎಮ್ಮೆಯ ಜೊತೆ ಒಂದಂಕಣದ ಮನೆಯಲ್ಲಿ ಇದ್ದಳು. ಹೊಲವಿಲ್ಲ. ಅವಳಿಗಿದ್ದದ್ದು ಓಣಿಯ ಮೂಲೆಯ ತಿಪ್ಪೆ. ಬೆಳಗಾದರೆ ಬುಟ್ಟಿ ಹಿಡಿದು ದನಗಳ ಹಿಂದೆ, ಕುರಿಹಿಂಡಿನ ಹಿಂದೆ ಹೋಗಿ ಸಗಣಿ, ಹಿಕ್ಕೆ ಬಳಿದು ತಂದು ಹಾಕುವಳು. ಓಣಿಯವರ ಬೂದಿ ಬೇಡಿ ತಂದು ಹಾಕುವಳು. ಬೇಸಿಗೆಯಲ್ಲಿ ಅದಕ್ಕೆ ನೀರು ಹೊಡೆಯುವಳು. ಯುಗಾದಿ ದಾಟಿದ ಮೇಲೆ ಸೊರಡಿಯ ಒಕ್ಕಲಿಗನೊಬ್ಬ ಗಾಡಿ ಕಟ್ಟಿಕೊಂಡು ಬಂದು ಆ ಗೊಬ್ಬರ ಹೇರಿಕೊಂಡು ಹೋಗಿ, ಬದಲಿಗೆ ಎರಡು ಚೀಲ ಜೋಳ ಇಳಿಸಿಹೋಗುತ್ತಿದ್ದ. ಆ ಎರಡು ಚೀಲ ಅವಳ ವರ್ಷದ ರೊಟ್ಟಿ. ತಿಪ್ಪೆ ಹೋದರೆ ರೊಟ್ಟಿ ಹೋಯಿತು. ಊರಾಚೆಯ ಗುಂಡಿಗಳನ್ನು ಹೊಲದ ಖಾತೆಯ ಪ್ರಕಾರ ಹಂಚಬೇಕೆಂದು ನಾನು ಬರೆದಿದ್ದೆನಲ್ಲ. ಖಾತೆ ಇಲ್ಲದವಳಿಗೆ ಗುಂಡಿಯೂ ಇಲ್ಲ. ಅದನ್ನು ಬರೆಯುವಾಗ ಕಿಟಕಿಯಿಂದ ತಲೆ ಎತ್ತಿದ್ದರೆ ಆ ತಿಪ್ಪೆಯೇ ನನಗೆ ಮೊದಲು ಕಾಣುತ್ತಿತ್ತು. ವಾಸನೆ ಬರುತ್ತದೆಂದು ಕಿಟಕಿ ಹಾಕಿಕೊಂಡು ಬರೆದಿದ್ದೆ.

ಇನ್ನು ನನ್ನ ಹೆಸರು. ನನಗಿಂತ ಮೊದಲು ಅವ್ವನಿಗೆ ಎರಡು ಕೂಸು ಹುಟ್ಟಿ, ಎರಡೂ ತಿಂಗಳು ತುಂಬುವ ಮೊದಲೇ ಹೋದವು. ಅಂಥ ಮನೆಯಲ್ಲಿ ಮೂರನೆಯದು ಹುಟ್ಟಿದರೆ ನಮ್ಮ ಕಡೆ ಏನು ಮಾಡುತ್ತಾರೆಂದು ಬಲ್ಲವರು ಬಲ್ಲರು. ಕೂಸನ್ನು ಮರದಲ್ಲಿ, ಅಂದರೆ ಜೋಳ ಕೇರುವ ಮರದಲ್ಲಿ, ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬರುತ್ತಾರೆ. ಇದು ಬಿಸಾಡಿದ ಕೂಸು, ಇದರ ಮೇಲೆ ಯಾರೂ ಕಣ್ಣು ಹಾಕಬೇಕಾಗಿಲ್ಲ ಎಂದು ಸಾವಿಗೆ ತೋರಿಸುವುದು. ತಿಪ್ಪೆಯ ಒಡತಿ ಅದನ್ನು ಎತ್ತಿಕೊಂಡು, "ನನಗೊಂದು ಕೂಸು ಸಿಕ್ಕದ, ಬೇಕೇನವಾ?" ಎಂದು ತಾಯಿಯನ್ನೇ ಕೇಳುತ್ತಾಳೆ. ತಾಯಿ ಅದೇ ಮರದ ತುಂಬ ಜೋಳ ಕೊಟ್ಟು ಕೂಸನ್ನು ಕೊಂಡುಕೊಳ್ಳುತ್ತಾಳೆ. ಹೆಸರು ಇಡುವ ಹಕ್ಕು ತಿಪ್ಪೆಯವಳದು. ತಿಪ್ಪೆಯಿಂದ ಬಂದ ಕೂಸಿಗೆ ಇಡುವ ಹೆಸರು ಒಂದೇ, ತಿಪ್ಪೆಯದೇ; ಅದನ್ನು ನಾನು ಇಲ್ಲಿ ಬರೆಯದಿದ್ದರೂ ನಮ್ಮ ಕಡೆಯ ಯಾವ ಓದುಗರಿಗೂ ಗೊತ್ತಾಗುತ್ತದೆ.

ಸಾಲೆಗೆ ಹಾಕುವಾಗ ಅಪ್ಪ ಬೇರೆ ಹೆಸರು ಬರೆಸಿದರು. ಆಗ ನನಗೆ ಏಳು ವರ್ಷ. ಅವತ್ತು ಸಂಜೆ ನಾನು ಆಯಿಯ ಮನೆಗೆ ಹೋಗಿ, "ಇನ್ನ ಮ್ಯಾಲ ಆ ಹೆಸರಿಲೇ ಕರೀಬ್ಯಾಡ" ಅಂದೆ. ಆಯಿ ಎಮ್ಮೆಯ ಮೈ ತಿಕ್ಕುತ್ತಿದ್ದಳು. "ನಿನಗ ನಾಚಕಿ ಬರತದೇನ?" ಅಂದಳು. ಹೌದು ಅಂದೆ. "ಆತು ಬಿಡು. ಯಾರ ಮುಂದೂ ಅನ್ನೂದಿಲ್ಲ," ಅಂದಳು. ಅಲ್ಲಿಂದ ಹದಿನೈದು ವರ್ಷ ಅವಳು ನನ್ನನ್ನು "ಮಗಳ" ಎಂದು ಮಾತ್ರ ಕರೆದಳು. ಕೋಪ ಬಂದಾಗಲೂ ತಪ್ಪಲಿಲ್ಲ. ಅವ್ವ, ಅಪ್ಪ, ಕಾಕಾ ಎಲ್ಲರೂ ಒಮ್ಮೆಯಲ್ಲ ಒಮ್ಮೆ ತಪ್ಪಿದ್ದಾರೆ. ಧಾರವಾಡದ ಹಾಸ್ಟೆಲಿನಲ್ಲಿ ನಾನು ಆ ಹೆಸರನ್ನು ಎಷ್ಟು ಎಚ್ಚರದಿಂದ ಮುಚ್ಚಿಟ್ಟೆನೆಂದರೆ, ಮನೆಗೆ ಬರೆಯುವ ಪ್ರತಿ ಪತ್ರದಲ್ಲೂ "ವಿಳಾಸದಲ್ಲಿ ಸಾಲೆಯ ಹೆಸರು ಮಾತ್ರ" ಎಂದು ಕೆಳಗೆ ಗೆರೆ ಎಳೆದು ಬರೆಯುತ್ತಿದ್ದೆ.

ಯುಗಾದಿಗೆ ಹದಿನೈದು ದಿನ ಇರುವಾಗ, ತಿಪ್ಪೆಗಳನ್ನು ಎತ್ತಬೇಕೆಂದು ಡಂಗುರವಾಯಿತು. ಅದರ ಮರುದಿನ ಆಯಿ ನಮ್ಮ ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತಳು.

"ಮಗಳ, ಆ ಕಾಗದ ನನಗೊಂದೀಟು ಓದಿ ಹೇಳು. ಡಂಗರದಾಂವ ಲಗೂ ಲಗೂನ ಒದರಿಕೋತ ಹೋದ."

ಓದಿದೆ. ನನ್ನ ಅಕ್ಷರದ ಕಾಗದವನ್ನೇ ಓದಿದೆ. ಮೂರನೆಯ ಕಲಮು ಬಂದಾಗ ಅವಳು ಕೈ ಎತ್ತಿದಳು.

"ಸೊತ್ತಾಗತದ ಅಂದ್ರ?"

"ಪಂಚಾಯಿತಿ ತಗೋತದ ಆಯಿ."

"ತಗೊಂಡು ಏನ್ ಮಾಡತದ?"

"ಲಿಲಾವ ಮಾಡತದ."

"ಯಾರು ಹಿಡಿತಾರ ಲಿಲಾವ?" ಅಂದು, ತಾನೇ ಉತ್ತರ ಹೇಳಿದಳು: "ಗಾಡಿ ಇದ್ದಾವ ಹಿಡಿತಾನ."

ಪಂಚರಲ್ಲಿ ಒಬ್ಬರಿಗೆ ಮೂರು ಗಾಡಿ, ಊರ ಮುಂದೆಯೇ ದೊಡ್ಡ ಹೊಲ. ಠರಾವು ಪಾಸಾಗುವಾಗ ಮೊದಲು ಕೈ ಎತ್ತಿದವರು ಅವರೇ ಎಂದು ಕಾಕಾ ಹೇಳಿದ್ದರು. ಅದನ್ನೂ ನಾನು ಭಾಷೆಗೆ ಸಂದ ಗೌರವವೆಂದು ತಿಳಿದಿದ್ದೆ.

"ಇದನ್ನ ಬರದ ಪುಣ್ಯಾತ್ಮರು ಯಾರಂತ?" ಅಂದಳು ಆಯಿ. ನನ್ನ ಮುಖ ನೋಡದೆ, ನನ್ನ ಬೆರಳ ಮಸಿ ನೋಡುತ್ತ ಕೇಳಿದಳು.

ನಾನು "ಸರಕಾರದ್ದು ಆಯಿ" ಅಂದೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಒಂದು ಹೆಸರಿದೆ. ಅವ್ವನ ಮಾತಿನಲ್ಲಿ ಇದಕ್ಕೆ ಸುಳ್ಳು ಅನ್ನುತ್ತಾರೆ.

"ಸರಕಾರಕ್ಕ ಹೊಟ್ಟಿ ಇಲ್ಲ ಬಿಡು, ಅದಕ್ಕೇನ್ ಗೊತ್ತಾಗತದ," ಅಂದು ಎದ್ದಳು. ಹೊಸ್ತಿಲು ದಾಟುವಾಗ ತಿರುಗಿ, "ಅಕ್ಷರ ಭಾಳ ಚಂದ ಅದ. ಮುತ್ತ ಪೋಣಿಸಿದಂಗ," ಅಂದಳು. ಓದು ಬಾರದವಳು.

ಆ ರಾತ್ರಿ ಊಟ ಸೇರಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಸೇರಿತು. ಎರಡು ರೊಟ್ಟಿ ತಿಂದೆ. ತಿನ್ನುವಾಗ ಮಾತ್ರ ಅದು ಯಾವ ತಿಪ್ಪೆಯ ಗೊಬ್ಬರದ ಜೋಳವೋ ಎಂದು ಅನಿಸಿತು. ಮರುದಿನ ಕಾಕಾನ ಹತ್ತಿರ ಹೋಗಿ ಒಂದನೆಯ ಕಲಮು ತಿದ್ದೋಣ ಅಂದೆ.

"ತಾಲೂಕಿಗೆ ಹೋಗಿ ಆತಲ್ಲ," ಅಂದರು ಕಾಕಾ. "ಆಯಿ ನಾಕನೇ ಕಲಮಿನಾಗ ಅರ್ಜಿ ಕೊಡಲಿ. ನೀನ ಬರದು ಕೊಡು. ಎಲ್ಲಾ ನೀನ ಬರದೀದಿ, ಇದೊಂದ್ಯಾಕ ಬಿಡತಿ?"

ಅರ್ಜಿಗಳ ವಿಚಾರಣೆ ಚಾವಡಿಯಲ್ಲಿ ಒಂದು ಬೆಳಿಗ್ಗೆ ನಡೆಯಿತು. ಆಯಿಗೆ ಓದು ಬಾರದೆಂಬ ನೆಪದಿಂದ ಕಾಕಾ ನನ್ನನ್ನೂ ಕರೆಸಿದರು. ನಾನು ಬಾಗಿಲ ಹತ್ತಿರ, ಬೇಕಾದರೆ ಒಳಗಿದ್ದೇನೆ ಬೇಡವಾದರೆ ಹೊರಗಿದ್ದೇನೆ ಅನ್ನುವ ಜಾಗದಲ್ಲಿ ನಿಂತೆ. ಮೊದಲು ಬಂದದ್ದು ನಮ್ಮ ಮನೆಯದೇ ಅರ್ಜಿ. ಹಿತ್ತಿಲ ತಿಪ್ಪೆ. ಅಜ್ಜನ ಕಾಲದಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಮಾಡಿದ ಪಾಲಿನ ಕಾಗದದಲ್ಲಿ ಆ ತಿಪ್ಪೆಯ ಹೆಸರಿತ್ತು, ಇಸವಿಯೂ ಇತ್ತು. ಒಂದು ನಿಮಿಷದಲ್ಲಿ ಮಂಜೂರು. ನನ್ನ ಕಲಮು ಯಾರಿಗೆ ಹೇಳಿ ಮಾಡಿಸಿದ ಅಂಗಿಯಾಗಿತ್ತೆಂದು ಆಗ ಕಣ್ಣಿಗೆ ಕಂಡಿತು.

ಆಮೇಲೆ ಆಯಿ.

"ಕಾಗದ ಅದ ಏನ್ರಿ ಬಾಯಿ?" ಅಂದ ತಲಾಠಿ.

"ತಿಪ್ಪಿಗೆ ಯಾರ ಕಾಗದ ಮಾಡಸ್ತಾರ್ರಿ ರಾವಸಾಹೇಬ್ರ? ನನ್ನ ಲಗ್ನಕ್ಕ ಕಾಗದ ಇಲ್ಲ."

ಚಾವಡಿ ನಕ್ಕಿತು. ತಲಾಠಿಯೂ ನಕ್ಕ. ಆದರೆ ಪೆನ್ನು ಕೆಳಗಿಡಲಿಲ್ಲ. "ತಿಪ್ಪಿ ಎಷ್ಟ ವರ್ಷದ್ದು?"

"ನಾ ತಿಕೋಂಡಿಲಿಂದ ಗಂಡನ ಮನಿಗೆ ನಡಿಯಾಕ ಬಂದಾಗ ನಮ್ಮತ್ತಿ ಇದ ತಿಪ್ಪಿಗೆ ಕಸಾ ಹಾಕತಿದ್ಲು."

"ಅದು ಯಾವ ಇಸವಿ?"

"ಇಸವಿ ನನಗೇನ್ ಗೊತ್ತರಿ. ಆ ವರ್ಷ ಮಿಡಚಿ ಬಿದ್ದು ಜ್ವಾಳ ತಿಂದು ಹೋಗಿದ್ದು."

"ಮಿಡಚಿ ಎರಡ ಸರ್ತಿ ಬಿದ್ದಾವ. ಯಾವ ಸರ್ತಿ?"

"ತಿನ್ನೂ ಮುಂದ ಅವು ಹೇಳಲಿಲ್ರಿ."

ಮೂರು ಗಾಡಿಯ ಪಂಚರು ಆಗ ಗಂಟಲು ಸರಿಮಾಡಿಕೊಂಡರು. "ನನಗ ನೆನಪಿದ್ದಂಗ ಆ ತಿಪ್ಪಿ ಮೊದಲ ಬಾವಿ ಕಡೆ ಇತ್ರಿ. ಈಗ ಐದಾರ ವರ್ಷದಿಂದ ಈ ಮೂಲಿಗೆ ಬಂದದ."

ಆಯಿ ಅವರ ಕಡೆ ತಿರುಗಿದಳು. "ಹೌದ್ರಿ ಗೌಡ್ರ, ನಡಕೋತ ಬಂತು. ನಿಮ್ಮ ಹೊಲದ ಬದು ವರ್ಷಾ ವರ್ಷಾ ಮಂದಿ ಹೊಲದಾಗ ನಡಕೋತ ಹೋಗತದಲ್ಲ, ಹಂಗ."

ಈ ಸಲ ನಗು ನಿಲ್ಲಿಸಲು ಕಾಕಾ ಕೈ ಎತ್ತಬೇಕಾಯಿತು. ಇಬ್ಬರು ಮುದುಕರು ಎದ್ದು, ತಾವು ಸಣ್ಣವರಿದ್ದಾಗಿನಿಂದ ತಿಪ್ಪೆ ಅಲ್ಲೇ ಇದೆ ಅಂದರು. ತಲಾಠಿ ಬರೆದುಕೊಂಡ. "ಸಾಕ್ಷಿ ಆತು. ಆದ್ರ ಕಲಮಿನಾಗ 'ಇಸವಿ ಇರುವ ಕಾಗದದಿಂದಲೂ' ಅಂತ ಅದ. 'ದಿಂದಲೂ' ಅಂದ್ರ ಎರಡೂ ಬೇಕು." ಅವನು ನನ್ನ ಕಡೆ ನೋಡಿ ಒಪ್ಪಿಗೆ ಕೇಳುವವನ ಹಾಗೆ ತಲೆ ಆಡಿಸಿದ. ಅಷ್ಟು ಚೆನ್ನಾಗಿ ನನ್ನ ಬರಹವನ್ನು ಓದಿದವರು ಧಾರವಾಡದಲ್ಲೂ ಇರಲಿಲ್ಲ.

"ಮತ್ತೇನರ ಪುರಾವೆ ಅದ ಏನವಾ ಆಯಿ?" ಎಂದು ಕಾಕಾ ಮೆಲ್ಲಗೆ ಕೇಳಿದರು.

ಆಯಿ ಬಾಗಿಲ ಕಡೆ, ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಗಿನ ಬೇವಿನ ಮರ ನೋಡಿದಳು. "ಒಂದ ಇತ್ತು ತಮ್ಮಾ. ಕೊಡೂ ಹಂಗಿಲ್ಲ. ಮಾತು ಕೊಟ್ಟೀನಿ."

ಯಾರಿಗೆ ಕೊಟ್ಟ ಮಾತು ಎಂದು ಚಾವಡಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಏಳು ವರ್ಷದ ಹುಡುಗಿ ಎಮ್ಮೆಯ ಪಕ್ಕ ನಿಂತು ಕೇಳಿದ್ದಕ್ಕೆ ಅವಳು ಎರಡು ಚೀಲ ಜೋಳ ಬಿಟ್ಟುಕೊಡಲು ಸಿದ್ಧಳಿದ್ದಳು. ತಲಾಠಿ ಪುಟ ತಿರುಗಿಸುತ್ತಿದ್ದ.

ನಾನು ಮಾತಾಡಿದೆ. ಧೈರ್ಯದಿಂದ ಅಲ್ಲ. ಪುಟ ತಿರುಗಿದ ಮೇಲೆ ಮಾತಾಡಿದರೆ ವಿಚಾರಣೆ ಮತ್ತೆ ತೆರೆಯಲು ನನ್ನ ಠರಾವಿನಲ್ಲಿ ಅವಕಾಶವಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

"ನನ್ನ ಸಾಲಿ ದಾಖಲೆ ಅದ್ರಿ. ಅದರಾಗ ನಾ ಹುಟ್ಟಿದ ಇಸವಿ ಅದ. ಹುಟ್ಟಿ ಹನ್ನೆರಡ ದಿನಕ್ಕ ನನ್ನನ್ನ ಈ ತಿಪ್ಪಿ ಮ್ಯಾಲ ಹಾಕಿದ್ರು."

ಇಷ್ಟೇ. ಮೂರು ವಾಕ್ಯ. ಕೂತವರೆಲ್ಲ ಒಟ್ಟಿಗೆ ನೆನಪು ಮಾಡಿಕೊಂಡರು. "ಹೌದಲ್ಲೋ!" "ಮರದಾಗ ಇಟ್ಟಿದ್ರು!" "ಭಾಳ ಅಳತಿತ್ತು ಕೂಸು!" ಆ ಮುದುಕರಲ್ಲಿ ಒಬ್ಬರು, "ಈಗ ಮಾತ ಆಡೂದಿಲ್ಲ, ಆಗ ಇಡೀ ಓಣಿ ಕೇಳೂ ಹಂಗ ಒದರತಿದ್ಲು," ಅಂದರು. ಊರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ನಾನು ಹದಿನೈದು ವರ್ಷ ಊರಿನಿಂದ ಮುಚ್ಚಿಟ್ಟಿದ್ದೆ ಎಂದು ತಿಳಿದದ್ದು ಆಗಲೇ.

ಮೂರು ಗಾಡಿಯ ಪಂಚರು ಬಿಡಲಿಲ್ಲ. "ಸಾಲಿ ದಾಖಲೆದಾಗಿನ ಹೆಸರು ಬ್ಯಾರೆ ಅಲ್ರಿ. ತಿಪ್ಪಿ ಮ್ಯಾಲಿಂದ ಎತ್ತಿದ ಕೂಸಿನ ಹೆಸರು ಬ್ಯಾರೆ. ಇಬ್ಬರೂ ಒಬ್ಬಾಕಿನ ಅಂತ ಏನ್ ಖೂನಾ, ಏನ್ ಗುರುತು?"

ಒಳ್ಳೆಯ ಪ್ರಶ್ನೆ. ನಾನೂ ಅದನ್ನೇ ಕೇಳುತ್ತಿದ್ದೆ. ತಲಾಠಿ ಪೆನ್ನು ಅದ್ದಿಕೊಂಡು, "ಉರ್ಫ್ ಅಂತ ಬರೀತೀನ್ರಿ. ಎರಡೂ ಹೆಸರು ಬಾಯಿಲೇ ಹೇಳ್ರಿ, ಎರಡೂ ಹೆಸರಿಲೇ ಸಹಿ ಮಾಡ್ರಿ," ಅಂದ.

ಹೇಳಿದೆ. ಸಾಲೆಯ ಹೆಸರನ್ನು ಸ್ಪಷ್ಟವಾಗಿ ಹೇಳಿದೆ. ಇನ್ನೊಂದನ್ನು ಹೇಳುವಾಗ ದನಿ ಕೆಳಗಿಳಿಯಿತು. "ಕೇಳಸಲಿಲ್ರಿ," ಅಂದ ತಲಾಠಿ. ಕೇಳಿಸಿತ್ತೆಂದು ನನ್ನ ಗುಮಾನಿ. ಮತ್ತೊಮ್ಮೆ, ಚಾವಡಿ ತುಂಬುವ ಹಾಗೆ ಹೇಳಿದೆ. ಅವನು ಮರಾಠಿಯಲ್ಲಿ ಬರೆದದ್ದನ್ನು ಓದಿ ತೋರಿಸಿದ: ಈ ಹೆಸರಿನವಳು, ಉರ್ಫ್ ಆ ಹೆಸರಿನವಳು, ಇಂಥ ಇಸವಿಯಲ್ಲಿ ಸದರಿ ತಿಪ್ಪೆಯ ಮೇಲೆ ಹಾಕಲ್ಪಟ್ಟು, ಸದರಿ ಬಾಯಿಯಿಂದ ಎತ್ತಲ್ಪಟ್ಟು, ಒಂದು ಮರ ಜೋಳಕ್ಕೆ ತಾಯಿಗೆ ಮರಳಿ ಕೊಡಲ್ಪಟ್ಟದ್ದನ್ನು ಒಪ್ಪಿದ್ದಾಳೆ. ನನ್ನ ಬಗ್ಗೆ ಯಾರೂ ಅಷ್ಟು ಖಚಿತವಾಗಿ ಬರೆದಿಲ್ಲ. ಕೆಳಗೆ ಎರಡು ಸಹಿ ಹಾಕಿದೆ. ಎರಡನೆಯದು ಸೊಟ್ಟಗೆ ಬಂತು. ಆ ಹೆಸರನ್ನು ನಾನು ಅಲ್ಲಿಯವರೆಗೆ ಬರೆದೇ ಇರಲಿಲ್ಲ.

ದಾಖಲೆಯಲ್ಲಿದ್ದ ನನ್ನ ಇಸವಿಯೂ ಮಾಸ್ತರರ ಅಂದಾಜೇ. ನಮ್ಮೂರ ಮಕ್ಕಳಿಗೆಲ್ಲ ಮಾಸ್ತರರೇ ಹುಟ್ಟಿದ ದಿನ ಕೊಟ್ಟವರು. ಆದರೆ ಮನೆಯಿಂದ ತರಿಸಿದ ಕಾಗದದ ಮೇಲೆ ಶಿಕ್ಕೆ, ಅಂದರೆ ಸಾಲೆಯ ಮುದ್ರೆ, ಇತ್ತು, ಕಲಮು ಕೇಳಿದ್ದು ಅದನ್ನೇ. ತಿಪ್ಪೆ ಮಂಜೂರಾಯಿತು.

ಚಾವಡಿಯಿಂದ ಇಳಿಯುವಾಗ ಕಾಕಾ, "ಮುಂದಿನ ಠರಾವು ನಾನ ಬರೀತೀನಿ ಬಿಡವಾ," ಅಂದರು. ಆಯಿ ನನಗಿಂತ ಮುಂದೆ ಹೋಗುತ್ತಿದ್ದಳು. ನಿಲ್ಲಲಿಲ್ಲ. ನಾನು ಅವಳಿಂದ ಒಂದು ಒಳ್ಳೆಯ ಮಾತು ಬರುತ್ತದೆಂದು ಮನೆಯ ತನಕ ಕಾದೆ. ಅವಳು ನೇರ ಎಮ್ಮೆಗೆ ನೀರು ಕುಡಿಸಲು ಹೋದಳು.

ಯುಗಾದಿ ದಾಟಿ ಸೊರಡಿಯ ಗಾಡಿಗಳು ಬಂದ ದಿನ, ನಾನು ಕೋಣೆಯಲ್ಲಿದ್ದೆ. ಕಿಟಕಿ ತೆರೆದಿತ್ತು. ಅವರು ಗುದ್ದಲಿಯಿಂದ ತಿಪ್ಪೆ ಬಿಡಿಸುತ್ತಿದ್ದರು, ಹಬೆ ಏಳುತ್ತಿತ್ತು. ಆಗ ಇಡೀ ಓಣಿಗೆ ಕೇಳುವ ಹಾಗೆ ಆಯಿ ನನ್ನನ್ನು ಕೂಗಿದಳು, ಆ ಹೆಸರಿನಿಂದ. ಹದಿನೈದು ವರ್ಷಗಳ ಮೇಲೆ.

ಕಿಟಕಿಗೆ ಹೋದೆ. "ಆಯಿ, ಮಾತು ಕೊಟ್ಟಿದ್ದಿ."

"ಸರಕಾರದಾಗ ಬರದಾತಲ್ಲ, ಇನ್ನೇನ್ ಮುಚ್ಚತಿ?" ಅಂದಳು. "ನಿನ್ನ ಬುಟ್ಟ್ಯಾಗಿನ ಕಾಗದ ತಗೊಂಡ ಬಾ. ಹೊತ್ತ ಮುಣಗೂದರಾಗ ಬಾ, ಕಲಮು ನೋಡಿ ಬರಬ್ಯಾಡ."

ಪಂಚಾಯಿತಿಯ ಗಾಡಿ ಅಷ್ಟರಲ್ಲಿ ನಿಂತೇ ಹೋಗಿತ್ತು. ಬುಟ್ಟಿಯಲ್ಲಿ ಅರ್ಜಿಗಳ ಕರಡುಗಳಿದ್ದವು, ಒಂದನೆಯ ಕಲಮನ್ನು ತಿದ್ದಲು ಬರೆದು ಯಾರಿಗೂ ಕೊಡದೆ ಉಳಿದ ಹಾಳೆಗಳೂ ಇದ್ದವು. ಎತ್ತಿಕೊಂಡು ಓಣಿ ದಾಟಿದೆ. ಹೇಗೆ ಹಾಕಬೇಕೆಂದು ತಿಳಿಯದೆ ಅಂಚಿನಲ್ಲಿ ನಿಂತೆ.

"ಬೋರಲ ಹಾಕು," ಅಂದಳು ಆಯಿ, ಬುಟ್ಟಿಯ ತಳ ತಟ್ಟಿ. "ಬಿ.ಎ. ಆಗ್ಯದಂತ, ಬುಟ್ಟಿ ಬೋರಲ ಹಾಕಾಕ ಬರೂದಿಲ್ಲ."

ಸೊರಡಿಯ ಗಾಡಿಯವನು ಹಾಳೆಗಳ ಮೇಲೆ ಒಂದು ಸಲಿಕೆ ಗೊಬ್ಬರ ಎಳೆದ. ಮುಂದಿನ ಗಾಡಿಗೆ ಅವೂ ಹೋದವು.